ಬಳಕೆಯಿಲ್ಲದ ಕೇಬಲ್ ಇಳಿಸುವ ಹೊಣೆ ನಿಗದಿಯಾಗಲಿ

ಮಾನ್ಯ ಸಂಪಾದಕರೇ,

ಕೋಲಾರದ ಗೌರಿಪೇಟೆಯಲ್ಲಿ ನಮ್ಮ ಮನೆಯ ಮುಂದಿರುವ ಕಂಬದಲ್ಲಿ, ವಿದ್ಯುತ್ ತಂತಿಗಳನ್ನು ಬಿಟ್ಟು, ಕಳೆದ ವಾರ ನಾನು ಎಣಿಸಿದಾಗ 17 ಕೇಬಲ್‌ಗಳಿದ್ದವು. ಆ ಕಂಬದಿಂದ ಟಿ.ವಿ. ಅಥವಾ ಇಂಟರ್‌ನೆಟ್ ಸಂಪರ್ಕ ಪಡೆದಿರುವುದು ಐದೇ ಮನೆಗಳು. ಪಕ್ಕದ ಬೀದಿಗೆ ಹಾದುಹೋಗುವ ಕೆಲವನ್ನು ಲೆಕ್ಕಕ್ಕೆ ಹಿಡಿದರೂ ಅರ್ಧಕ್ಕಿಂತ ಹೆಚ್ಚು ಕೇಬಲ್‌ಗಳು ಯಾರ ಉಪಯೋಗಕ್ಕೂ ಇಲ್ಲದವು. ಅವುಗಳಲ್ಲಿ ಎರಡು ನಮ್ಮ ಮನೆಗೆಂದೇ ಎಳೆದವು.

ಹತ್ತು ವರ್ಷಗಳಲ್ಲಿ ನಾವು ಎರಡು ಬಾರಿ ಇಂಟರ್‌ನೆಟ್ ಸಂಪರ್ಕ ಬದಲಿಸಿದ್ದೇವೆ. ಪ್ರತಿ ಸಲವೂ ಹಳೆಯ ಕಂಪನಿಯವರು ಒಂದು ವಾರದೊಳಗೆ ಬಂದು ಮನೆಯೊಳಗಿದ್ದ ಮೋಡೆಮ್ ಬಿಚ್ಚಿಕೊಂಡು ಹೋದರು, ಆದರೆ ಕಂಬದಿಂದ ಮನೆಯವರೆಗಿನ ತಂತಿಯನ್ನು ಮುಟ್ಟಲಿಲ್ಲ. ಎರಡನೆಯ ಸಲ ಬಂದಿದ್ದ ಹುಡುಗನನ್ನು ಈ ಬಗ್ಗೆ ಕೇಳಿದೆ. ‘ಬಾಕ್ಸ್ ತಗೊಂಡು ಬಾ ಅಂದವ್ರೆ ಸಾರ್, ವೈರ್ ಬಗ್ಗೆ ಏನೂ ಹೇಳಿಲ್ಲ. ಹೊಸ ಕನೆಕ್ಷನ್‌ಗೆ ಇಷ್ಟು ಅಂತ ಕೊಡ್ತಾರೆ, ಬಿಚ್ಚೋದಕ್ಕೆ ಯಾರೂ ಕೊಡಲ್ಲ’ ಎಂದ. ಅವನನ್ನು ದೂರುವಂತಿಲ್ಲ. ಊರಿನ ಕಂಬಗಳೆಲ್ಲ ಹೀಗಾಗಿರುವುದಕ್ಕೆ ಬಹುಮಟ್ಟಿನ ಕಾರಣ ಆ ಮಾತಿನಲ್ಲೇ ಇದೆ.

ಹಳೆಯ ದೂರವಾಣಿ ತಂತಿಯಲ್ಲಿ ತಾಮ್ರವಿರುತ್ತಿತ್ತು. ಗುಜರಿಯಲ್ಲಿ ಅದಕ್ಕೆ ಬೆಲೆಯಿದ್ದುದರಿಂದ ಕೆಟ್ಟ ತಂತಿ ಬಹಳ ದಿನ ಮೇಲೆ ಉಳಿಯುತ್ತಿರಲಿಲ್ಲ. ಈಗಿನ ಆಪ್ಟಿಕಲ್ ಫೈಬರ್‌ನಲ್ಲಿರುವುದು ಕೂದಲೆಳೆಯಷ್ಟು ತೆಳುವಾದ, ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು ದಪ್ಪದ ಗಾಜಿನ ಎಳೆ ಮತ್ತು ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ಅದನ್ನು ಇಳಿಸಲು ಏಣಿ ಬೇಕು, ಆಳು ಬೇಕು, ಕೆಲಸ ಮುಗಿಯುವವರೆಗೆ ಆ ಸಾಲಿನ ವಿದ್ಯುತ್ ನಿಲ್ಲಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ಕೈಗೆ ಬರುವ ವಸ್ತುವನ್ನು ಗುಜರಿಯವರೂ ಕೊಳ್ಳುವುದಿಲ್ಲ. ಇದಲ್ಲದೆ, ಸಣ್ಣ ಕೇಬಲ್ ಆಪರೇಟರುಗಳು ವ್ಯವಹಾರವನ್ನು ದೊಡ್ಡವರಿಗೆ ಮಾರಿದಾಗ ಕೊಂಡವರು ಹಳೆಯದನ್ನು ಕಂಬದಲ್ಲೇ ಬಿಟ್ಟು ತಮ್ಮ ಹೊಸ ಕೇಬಲ್ ಎಳೆದುಕೊಳ್ಳುತ್ತಾರೆ. ಕಂಬ ಒಬ್ಬರದು, ಕೇಬಲ್ ಇನ್ನೊಬ್ಬರದು, ರಸ್ತೆ ನಗರಸಭೆಯದು ಎಂದಾದಾಗ ಮೂವರಲ್ಲಿ ಯಾರೂ ಮೊದಲು ಕೈಹಾಕುವುದಿಲ್ಲ.

ಒಳಗೆ ಗಾಜಿರುವುದರಿಂದ ಈ ತಂತಿ ಅಪಾಯಕಾರಿಯಲ್ಲ ಎಂದು ಹಲವರು ನಂಬಿದ್ದಾರೆ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ನಿಜ. ಆದರೆ ಮನೆಗಳಿಗೆ ಎಳೆಯುವ ಫೈಬರ್ ಕೇಬಲ್ ಜೋತು ಬೀಳದಿರಲೆಂದು ಅದರ ಜೊತೆಯಲ್ಲಿ ಸಾಮಾನ್ಯವಾಗಿ ಉಕ್ಕಿನ ತಂತಿಯೊಂದನ್ನು ಸೇರಿಸಿರುತ್ತಾರೆ. ಟಿ.ವಿ. ಕೇಬಲ್‌ನಲ್ಲಂತೂ ಲೋಹದ ಹೆಣಿಗೆಯೇ ಇದೆ. ಹೊದಿಕೆ ಹರಿದ ಜಾಗದಲ್ಲಿ ಅದು ಮೇಲಿನ 230 ವೋಲ್ಟ್‌ನ ತಂತಿಗೆ ತಾಗಿದರೆ ಕೆಳಗೆ ತೂಗುವ ತುದಿಯವರೆಗೂ ವಿದ್ಯುತ್ ಇಳಿಯಬಹುದು. ಅಂತರಗಂಗೆ ಬೆಟ್ಟದಿಂದ ಊರಿಗೆ ಬರುವ ಕೋತಿಗಳು ಈ ಕೇಬಲ್‌ಗಳನ್ನೇ ಹಿಡಿದು ಜೋತಾಡುವುದನ್ನು ನಾವೆಲ್ಲ ನೋಡಿದ್ದೇವೆ. ಸಡಿಲವಾದ ಕೇಬಲ್ ಮೇಲಿನ ತಂತಿಗೆ ತಾಗಲು ಅಷ್ಟು ಎಳೆತ ಸಾಕು. ದುರಸ್ತಿಗೆ ಕಂಬ ಹತ್ತುವ ಲೈನ್‌ಮನ್ ಈ ಸಿಕ್ಕುಗಳ ನಡುವೆ ಕಾಲಿಡಲು ಜಾಗ ಹುಡುಕಬೇಕಾಗಿದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಹೂವಿನ ಪಲ್ಲಕ್ಕಿಯ ರಾತ್ರಿಗಳು. ಪಲ್ಲಕ್ಕಿ ಎತ್ತರವಾಗಿರುತ್ತದೆ, ನಮ್ಮ ಹಳೆಯ ಪೇಟೆಯ ಬೀದಿಗಳು ಇಕ್ಕಟ್ಟಾಗಿವೆ. ಮುಂದೆ ಹೋಗುವ ಹುಡುಗರು ಕವೆಗೋಲಿನಿಂದ ಕೇಬಲ್‌ಗಳನ್ನು ಮೇಲೆತ್ತಿ ಹಿಡಿಯುತ್ತಾರೆ, ಪಲ್ಲಕ್ಕಿ ಅದರಡಿಯಲ್ಲಿ ನುಸುಳುತ್ತದೆ. ಮಳೆ ಬಿದ್ದು ಕೋಲು ಒದ್ದೆಯಾಗಿದ್ದರೂ ಅವರು ಹಿಂಜರಿಯುವುದಿಲ್ಲ. 2025ರ ಆಗಸ್ಟ್‌ನಲ್ಲಿ ಹೈದರಾಬಾದಿನ ರಾಮಂತಪುರದಲ್ಲಿ ಕೃಷ್ಣಾಷ್ಟಮಿಯ ರಥೋತ್ಸವದ ವೇಳೆ ವಿದ್ಯುತ್ ತಗುಲಿ ಐವರು ಪ್ರಾಣ ಕಳೆದುಕೊಂಡ ಸುದ್ದಿ ಓದಿದ ದಿನದಿಂದ, ಆ ಕೋಲು ಹಿಡಿದ ಹುಡುಗರನ್ನು ಕಂಡಾಗಲೆಲ್ಲ ನನ್ನ ಜೀವ ಝಲ್ಲೆನ್ನುತ್ತದೆ.

ಆ ದುರಂತದ ನಂತರ ಅಲ್ಲಿ ಕಂಬಗಳ ಮೇಲಿನ ಕೇಬಲ್‌ಗಳನ್ನು ಒಮ್ಮೆಲೇ ಕತ್ತರಿಸಲು ತೊಡಗಿದಾಗ ಅನೇಕ ಮನೆ, ಕಚೇರಿಗಳ ಇಂಟರ್‌ನೆಟ್ ನಿಂತುಹೋಯಿತು. ಹಾಗೆ ಕತ್ತರಿಸುವುದು ಪರಿಹಾರವಲ್ಲವೆಂದೇ ನನ್ನ ಅಭಿಪ್ರಾಯ. ಜೀವಂತ ಕೇಬಲ್ ಯಾವುದು, ಸತ್ತದ್ದು ಯಾವುದು ಎಂದು ಕೆಳಗೆ ನಿಂತು ನೋಡಿದರೆ ತಿಳಿಯುವುದಿಲ್ಲ. ತುಂಡಾದ ಕೇಬಲ್‌ನ ಬದಲಿಗೆ ಮರುದಿನವೇ ಹೊಸದು ಬರುತ್ತದೆ, ತುಂಡುಗಳು ಮಾತ್ರ ಅಲ್ಲೇ ನೇತಾಡುತ್ತವೆ. ಹಾಗೆಂದು ಗುರುತಿಸುವುದು ಅಸಾಧ್ಯವೂ ಅಲ್ಲ. ಎಷ್ಟೋ ಕೇಬಲ್‌ಗಳ ಹೊದಿಕೆಯ ಮೇಲೆ ತಯಾರಕರ ಹೆಸರು, ತಯಾರಾದ ವರ್ಷ, ಮೀಟರ್ ಲೆಕ್ಕ ಅಚ್ಚಾಗಿರುತ್ತದೆ. ಫೈಬರ್ ಎಳೆಯನ್ನು ಕತ್ತರಿಸದೆ, ತುಸು ಬಾಗಿಸಿ ಹಿಡಿದು ಅದರಲ್ಲಿ ಬೆಳಕು ಹರಿಯುತ್ತಿದೆಯೇ ಎಂದು ಪರೀಕ್ಷಿಸುವ ಸಣ್ಣ ಉಪಕರಣ ಈ ಕೆಲಸ ಮಾಡುವ ತಂತ್ರಜ್ಞರಲ್ಲಿ ಇರುತ್ತದೆ. ಟಿ.ವಿ. ಕೇಬಲ್ ಆಪರೇಟರುಗಳ ನೋಂದಣಿಯನ್ನು 1995ರ ಕಾಯ್ದೆಯೇ ಕಡ್ಡಾಯಗೊಳಿಸಿರುವುದರಿಂದ, ಊರಿನಲ್ಲಿ ಯಾರು ಯಾವಾಗ ಈ ವ್ಯವಹಾರ ನಡೆಸಿದರೆಂದು ಹುಡುಕುವ ದಾರಿಯೂ ಇದೆ.

ಆದ್ದರಿಂದ ಜಿಲ್ಲಾಡಳಿತವು ನಗರಸಭೆ, ಬೆಸ್ಕಾಂ ಮತ್ತು ಕೇಬಲ್ ಹಾಕಿದ ಎಲ್ಲ ಸಂಸ್ಥೆಗಳನ್ನು ಒಂದೆಡೆ ಕೂರಿಸಿ, ಪ್ರತಿ ಕಂಬದಲ್ಲೂ ತಮ್ಮ ಕೇಬಲ್‌ಗೆ ಹೆಸರು ಮತ್ತು ದೂರವಾಣಿ ಸಂಖ್ಯೆಯ ಬಿಲ್ಲೆ ಕಟ್ಟುವಂತೆ ಗಡುವು ಕೊಡಬೇಕು. ಗಡುವು ಮುಗಿದ ಮೇಲೆ ಬಿಲ್ಲೆಯಿಲ್ಲದೆ ಉಳಿದವನ್ನು ಪರೀಕ್ಷಿಸಿ, ವಿದ್ಯುತ್ ನಿಲ್ಲಿಸಿ, ಒಂದೇ ತಂಡದಿಂದ ಇಳಿಸಬೇಕು. ಇನ್ನು ಮುಂದೆ ಕಂಬ ಬಳಸಲು ಅನುಮತಿ ಕೊಡುವಾಗ ಇಳಿಸುವ ಖರ್ಚನ್ನೂ ಠೇವಣಿಯಾಗಿ ಮೊದಲೇ ಕಟ್ಟಿಸಿಕೊಳ್ಳಬೇಕು. ಮೋಡೆಮ್‌ಗೆ ಬೆಲೆಯಿದೆಯೆಂದು ಒಂದು ವಾರದಲ್ಲಿ ಬರುವವರು, ಠೇವಣಿ ಹಿಂದಿರುಗುವುದಾದರೆ ತಂತಿಗೂ ಬಂದೇ ಬರುತ್ತಾರೆ.

ಇಡೀ ಊರಿನ ಕೆಲಸ ಒಟ್ಟಿಗೆ ಆಗದಿದ್ದರೆ, ಪಲ್ಲಕ್ಕಿ ಸಾಗುವ ಬೀದಿಗಳನ್ನಾದರೂ ಮುಂದಿನ ಉತ್ಸವದೊಳಗೆ ಮುಗಿಸಬೇಕೆಂದು ಸಂಬಂಧಪಟ್ಟ ಅಧಿಕಾರಿಗಳನ್ನು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ಗೌರಿಪೇಟೆಯ ನಿವಾಸಿ, ಕೋಲಾರ