ಹತ್ತನೆಯವಳಾಗಿ ನಿಲ್ಲು, ಮಗಳೇ

ಬೆಂಗಳೂರು
ಶನಿವಾರ ರಾತ್ರಿ

ಪ್ರೀತಿಯ ಮಗಳೇ,

ನಮ್ಮ ವಾರದ ವಿಶ್ರಾಂತಿಯ ದಿನ ಶಬ್ಬಾತ್ ಈಗಷ್ಟೇ ಮುಗಿಯಿತು. ದೀಪ ಹಾಕಿಕೊಂಡು ಬರೆಯಲು ಕುಳಿತಿದ್ದೇನೆ. ಸಂಕ್ರಾಂತಿ ಕಳೆದು ವಾರವಾಯಿತು. ಪಕ್ಕದ ಮನೆಯವರು ಕೊಟ್ಟ ಎಳ್ಳುಬೆಲ್ಲ ಇನ್ನೂ ಡಬ್ಬಿಯಲ್ಲಿದೆ, ಬೀದಿಯಲ್ಲಿ ಅವರೆಕಾಯಿ ಗಾಡಿಗಳ ಸಾಲು ಇನ್ನೂ ಕರಗಿಲ್ಲ. ನಿನಗೆ ಮರಾಠಿ ಮಾತನಾಡಲು ಬರುತ್ತದೆ, ಬರೆಯಲು ಬಾರದು. ನಾನೂ ನಿನ್ನಂತೆ ಕನ್ನಡ ಶಾಲೆಯಲ್ಲಿ ಓದಿದವಳು. ಮನಸ್ಸಿನಲ್ಲಿರುವುದನ್ನು ಬರೆಯಲು ನಮ್ಮಿಬ್ಬರಿಗೂ ಇರುವುದು ಕನ್ನಡವೇ.

ಗುರುವಾರ ಫೋನಿನಲ್ಲಿ ನಿನ್ನ ಧ್ವನಿ ಒಡೆದದ್ದು ನನಗೆ ಕೇಳಿಸಿತು. ನ್ಯೂಯಾರ್ಕಿನಲ್ಲಿ ಯಾರೂ ನನ್ನ ಕಡೆ ತಿರುಗಿ ನೋಡುತ್ತಿರಲಿಲ್ಲ, ಅದೇ ಹಾಯಾಗಿತ್ತು, ಜಾರ್ಜಿಯಾದ ಈ ಸವಾನಾದಲ್ಲಿ ಎಲ್ಲರೂ ಎಲ್ಲವನ್ನೂ ಕೇಳುತ್ತಾರೆ ಎಂದೆ. ಪ್ರಾರ್ಥನೆ ಮುಗಿದ ಮೇಲೆ ಯಾರೋ, ‘ಭಾರತದವಳು ನೀನು ಹೇಗೆ ಯಹೂದಿ? ಮದುವೆಯಾದ ಮೇಲೆ ಆದೆಯಾ?’ ಎಂದು ಕೇಳಿದರಂತೆ. ಅಳಿಯಂದಿರ ಕೆಲಸ ಬಂದರಿನಲ್ಲಿ ಇರುವವರೆಗೂ ಈ ಊರು ತಪ್ಪಿದ್ದಲ್ಲ ಎಂದು ಹೇಳಿ ಸುಮ್ಮನಾದೆ. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಆ ಪ್ರಶ್ನೆ ನಿನಗೊಬ್ಬಳಿಗೇ ಬಂದದ್ದಲ್ಲ. ಇಸ್ರೇಲಿಗೆ ಹೋದ ನಮ್ಮ ಬೆನೆ ಇಸ್ರೇಲ್ ಜನರನ್ನೇ, ಅಂದರೆ ಕೊಂಕಣ ಮೂಲದ ಮರಾಠಿ ಯಹೂದಿಗಳನ್ನೇ, ಅಲ್ಲಿನ ಮುಖ್ಯ ರಬ್ಬಿಗಳ (ಧರ್ಮಗುರುಗಳ) ಮಂಡಳಿ ಅನುಮಾನಿಸಿತ್ತು. ಬೇರೆ ಯಹೂದಿಗಳ ಜೊತೆ ಮದುವೆಯಾಗಬೇಕಾದರೆ ಅಜ್ಜಿ, ಮುತ್ತಜ್ಜಿಯರ ಮೂಲ ವಿಚಾರಿಸಬೇಕು ಎಂದಿತ್ತು. 1964ರಲ್ಲಿ ನಮ್ಮವರು ಜೆರುಸಲೇಮಿನಲ್ಲಿ ಬೀದಿಗಿಳಿದು ಪ್ರತಿಭಟಿಸಿದರು, ಅದೇ ವರ್ಷ ಆ ಆದೇಶ ಹಿಂದೆ ಸರಿಯಿತು. ಆದರೆ ನಿನ್ನನ್ನು ಕೇಳಿದವರು ಮಂಡಳಿಯವರಲ್ಲ. ಕೈಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಯಾರೋ ಹಿರಿಯರು. ಅವರಿಗೆ ಗೊತ್ತಿಲ್ಲ, ಅಷ್ಟೇ. ಮುಂದಿನ ಬಾರಿ ಪಕ್ಕದಲ್ಲಿ ಕುಳಿತು ಕತೆ ಹೇಳು. ಕೊಂಕಣದ ನೌಗಾಂವ್ ಬಳಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರೆಂದು ನಮ್ಮ ಹಿರಿಯರು ಹೇಳುವುದನ್ನು ಹೇಳು. ಶನಿವಾರ ಗಾಣ ನಿಲ್ಲಿಸುತ್ತಿದ್ದುದಕ್ಕೆ ಊರವರು ನಮ್ಮನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದು ಕರೆದದ್ದನ್ನು ಹೇಳು.

ನಿನ್ನ ಅಜ್ಜನ ಮೆಚ್ಚಿನ ಕತೆಯನ್ನಂತೂ ಬಿಡಬೇಡ. ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮುಯೆಲ್ ಎಝೆಕಿಯೆಲ್ ದಿವೇಕರ್ ಟಿಪ್ಪುವಿನ ಕೈಗೆ ಸೆರೆಸಿಕ್ಕರು. ಇವರು ಬೆನೆ ಇಸ್ರೇಲ್ ಎಂದು ತಿಳಿದಾಗ ಟಿಪ್ಪುವಿನ ತಾಯಿ, ‘ಕುರಾನಿನಲ್ಲಿ ಇವರ ಹೆಸರು ಕೇಳಿದ್ದೇನೆ, ಕಣ್ಣಿನಿಂದ ಕಂಡಿರಲಿಲ್ಲ, ಉಳಿಸು’ ಎಂದರಂತೆ. ಇದು ನಮ್ಮವರ ಬಾಯಿಂದ ಬಾಯಿಗೆ ಬಂದ ಕತೆ. ಬಿಡುಗಡೆಯಾಗಿ ಹೋದ ದಿವೇಕರ್ 1796ರಲ್ಲಿ ಮುಂಬೈಯಲ್ಲಿ ನಮ್ಮವರ ಮೊದಲ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ, ಕಟ್ಟಿಸಿದ್ದಂತೂ ನಿಜ. ಶ್ರೀರಂಗಪಟ್ಟಣದ ಮುಂದೆ ರೈಲು ಹಾದುಹೋಗುವಾಗಲೆಲ್ಲ ಅಜ್ಜ ಇದನ್ನು ಹೇಳುತ್ತಿದ್ದರು, ನೀನು ಕಿಟಕಿಯ ಸರಳು ಹಿಡಿದು ಕೇಳುತ್ತಿದ್ದೆ.

ಇನ್ನೊಂದು ವಿಷಯ. ಡಿಸೆಂಬರಿನಲ್ಲಿ ನೀನು ಒಂದು ಮಾತು ಹೇಳಿ ಮುಂದೆ ಹೋದೆ, ನಾನು ಅಲ್ಲೇ ನಿಂತಿದ್ದೇನೆ. ಕೆಲಸದಿಂದ ಬರುತ್ತಾ ಒಂದು ಸಂಜೆ ಸಿನಗಾಗಿನ ಒಳಗೆ ಕಾಲಿಟ್ಟಾಗ ಒಂಬತ್ತು ಜನ ಕಾಯುತ್ತಿದ್ದರು. ತಂದೆಯನ್ನು ಕಳೆದುಕೊಂಡವರೊಬ್ಬರು ತೀರಿಕೊಂಡವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆ ಹೇಳಬೇಕಿತ್ತು, ಅದಕ್ಕೆ ಹತ್ತು ಜನ ಬೇಕು. ನಿನ್ನನ್ನು ಕಂಡದ್ದೇ ತಡ, ಎಲ್ಲರೂ ಎದ್ದು ನಿಂತರು. ನೀನು ಹೋಗುವ ಕಡೆ ಹೆಣ್ಣುಮಕ್ಕಳನ್ನೂ ಎಣಿಸುತ್ತಾರೆ.

ನಿನ್ನ ಅಜ್ಜ ತೀರಿಕೊಂಡಾಗ ನಿನಗೆ ನಾಲ್ಕು ವರ್ಷ. ಮೈಸೂರು ರಸ್ತೆಯ ನಮ್ಮ ಸ್ಮಶಾನಕ್ಕೆ ನಿನ್ನನ್ನು ಕರೆದೊಯ್ಯಲಿಲ್ಲ. 1904ರಲ್ಲಿ ಮಹಾರಾಜರು ಕೊಟ್ಟ ಜಾಗ ಅದು. ಇಷ್ಟು ದೊಡ್ಡ ಬೆಂಗಳೂರಿನಲ್ಲಿ ನಮಗೆ ಒಂದು ಸಿನಗಾಗ್ ಇಲ್ಲ, ಮಣ್ಣು ಮಾತ್ರ ಇದೆ. ಅಂದು ನೆರೆಹೊರೆಯವರು, ಅಜ್ಜನ ಕಚೇರಿಯವರು, ನಿನ್ನ ಶಾಲೆಯ ಮೇಷ್ಟ್ರು ಎಲ್ಲ ಬಂದಿದ್ದರು, ಜನಕ್ಕೆ ಕೊರತೆಯಿರಲಿಲ್ಲ. ಕದ್ದೀಶಿಗೆ ಬೇಕಾದ ಹತ್ತು ಯಹೂದಿ ಗಂಡಸರು ಮಾತ್ರ ಇರಲಿಲ್ಲ. ತಲೆ ಎಣಿಸಬಾರದು ಎಂಬುದು ನಮ್ಮ ರೂಢಿಯಲ್ಲವೇ. ಹಿರಿಯರೊಬ್ಬರು ಒಬ್ಬೊಬ್ಬರನ್ನೇ ನೋಡುತ್ತಾ, ತಲೆಗೊಂದು ಪದದಂತೆ, ಕೀರ್ತನೆಯ ಆ ಹತ್ತು ಪದಗಳ ಸಾಲನ್ನು ಹೇಳಿದರು: ‘ಹೋಶಿಯಾ ಎತ್ ಅಮ್ಮೆಖಾ’. ನಿನ್ನ ಜನರನ್ನು ಕಾಪಾಡು, ಎಂದೆಂದಿನ ತನಕ ಅವರನ್ನು ಎತ್ತಿ ಹಿಡಿ ಎಂಬ ಸಾಲು. ಒಂಬತ್ತನೆಯ ಪದಕ್ಕೆ ಅವರ ಬಾಯಿ ನಿಂತಿತು. ಆ ಒಂಬತ್ತನೆಯ ಪದ ‘ಅದ್’, ಅಂದರೆ ‘ತನಕ’. ಎಲ್ಲಿಯ ತನಕ ಎಂದು ಹೇಳಲು ಹತ್ತನೆಯವನು ಬೇಕು.

ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅಜ್ಜನ ಒಬ್ಬಳೇ ಮಗಳು. ನಾನು ಎಣಿಕೆಗೆ ಬರಲಿಲ್ಲ. ನಮ್ಮ ಪದ್ಧತಿ ಹಾಗೆ, ಅದನ್ನು ನಾನು ಅಂದು ಪ್ರಶ್ನಿಸಲಿಲ್ಲ, ಇಂದೂ ಹಿರಿಯರ ಮೇಲೆ ಸಿಟ್ಟಿಲ್ಲ. ಆದರೆ ಆ ನಾಲ್ಕು ಹೆಜ್ಜೆ ನನ್ನ ಎದೆಯಲ್ಲಿ ಉಳಿದುಬಿಟ್ಟಿವೆ. ಕೊನೆಗೆ ನಿನ್ನ ಮಾವ ಮೆಜೆಸ್ಟಿಕ್ಕಿಗೆ ಸ್ಕೂಟರ್ ಓಡಿಸಿ, ಗೋಕರ್ಣದ ಬಸ್ಸಿಗೆ ಕಾಯುತ್ತಿದ್ದ ಇಸ್ರೇಲಿ ಹುಡುಗನೊಬ್ಬನನ್ನು ಕರೆತಂದ. ಬೆನ್ನ ಮೇಲಿನ ಚೀಲವನ್ನೂ ಇಳಿಸದೆ ಅವನು ನಿಂತ. ಅಜ್ಜನ ಹೆಸರು ಕೂಡ ಅವನಿಗೆ ಗೊತ್ತಿರಲಿಲ್ಲ. ಅವನು ‘ಆಮೆನ್’ ಎಂದ ಧ್ವನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅದಕ್ಕೇ ಹೇಳುತ್ತೇನೆ: ಆ ಊರು ನಿನ್ನನ್ನು ಒಪ್ಪಿಕೊಂಡಿತೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ಅಳೆಯಬೇಡ. ನ್ಯೂಯಾರ್ಕಿನಲ್ಲಿ ನೀನು ಹೋಗದಿದ್ದರೆ ಯಾವ ಪ್ರಾರ್ಥನೆಯೂ ನಿಲ್ಲುತ್ತಿರಲಿಲ್ಲ. ಸವಾನಾದಲ್ಲಿ ಒಬ್ಬರ ಕದ್ದೀಶ್ ನಿನಗಾಗಿ ಕಾದಿತ್ತು.

ನೀನು ನಿಮ್ಮೂರಿನ ಮಾಂಟೆರೆ ಚೌಕದ ಮಿಕ್ವೆ ಇಸ್ರೇಲ್ ಸಿನಗಾಗಿನ ಚಿತ್ರ ಕಳುಹಿಸಿದಾಗ, ‘ಚರ್ಚಿನ ಚಿತ್ರ ಏಕೆ ಕಳುಹಿಸಿದೆ?’ ಎಂದು ಕೇಳಿದ್ದೆ. ಆಮೇಲೆ ಓದಿ ತಿಳಿದುಕೊಂಡೆ. ಆ ಗಾಥಿಕ್ ಕಟ್ಟಡ 1878ರದು, ಸಭೆ ಅದಕ್ಕಿಂತ ಬಹಳ ಹಳೆಯದು. ಜಾರ್ಜಿಯಾ ವಸಾಹತು ಶುರುವಾಗಿ ಐದೇ ತಿಂಗಳಿಗೆ, 1733ರ ಜುಲೈಯಲ್ಲಿ, ಲಂಡನ್ನಿನಿಂದ ಹಡಗಿನಲ್ಲಿ 42 ಯಹೂದಿಗಳು ಬಂದಿಳಿದರು. ಲಂಡನ್ನಿನಿಂದ ವಸಾಹತನ್ನು ನಡೆಸುತ್ತಿದ್ದ ಟ್ರಸ್ಟಿಗಳಿಗೆ ಅವರು ಬೇಡವಾಗಿದ್ದರು. ಊರಿನಲ್ಲಿ ಜ್ವರಕ್ಕೆ ಜನ ಸಾಯುತ್ತಿದ್ದರು, ಹಡಗಿನಲ್ಲಿ ಪೋರ್ಚುಗಲ್ಲಿನಿಂದ ತಪ್ಪಿಸಿಕೊಂಡು ಬಂದಿದ್ದ ವೈದ್ಯ ಸ್ಯಾಮುಯೆಲ್ ನೂನೆಸ್ ಇದ್ದರು. ಅವರು ರೋಗಿಗಳನ್ನು ನೋಡಿದರು, ವಸಾಹತಿನ ಮುಖ್ಯಸ್ಥ ಒಗ್ಲ್‌ಥಾರ್ಪ್ ಎಲ್ಲರನ್ನೂ ಉಳಿಯಗೊಟ್ಟ. ಆ ಯಹೂದಿಗಳು ಜೊತೆಯಲ್ಲಿ ತಂದ ತೋರಾ ಧರ್ಮಗ್ರಂಥದ ಸುರುಳಿ ಇಂದಿಗೂ ಮಿಕ್ವೆ ಇಸ್ರೇಲಿನಲ್ಲಿದೆ. ಅವರೂ ನಮ್ಮ ಹಾಗೆ ಸಮುದ್ರದಿಂದ ಬಂದವರು, ನಮ್ಮ ಹಾಗೆ ಸೆಫಾರ್ದಿ ಪದ್ಧತಿಯಲ್ಲಿ, ಅಂದರೆ ಸ್ಪೇನ್, ಪೋರ್ಚುಗಲ್ ಮೂಲದ ಯಹೂದಿಗಳ ರೀತಿಯಲ್ಲಿ, ಪ್ರಾರ್ಥಿಸಿದವರು. ಹತ್ತು ವರ್ಷ ಕಳೆಯುವ ಮೊದಲೇ ಸ್ಪ್ಯಾನಿಷರ ದಾಳಿಯ ಭಯಕ್ಕೆ ಹೆಚ್ಚಿನವರು ಊರು ಬಿಟ್ಟರು. ಶೆಫ್ಟಾಲ್, ಮಿನಿಸ್ ಎಂಬ ಎರಡೇ ಮನೆತನ ಉಳಿದವು. ಎರಡು ಮನೆ, ಮಗಳೇ! ಆ ವರ್ಷಗಳಲ್ಲಿ ಅವರು ಕದ್ದೀಶಿಗೆ ಏನು ಮಾಡಿದರೋ ಎಂದು ನಾನು ಅಡುಗೆ ಮಾಡುವಾಗಲೂ ಯೋಚಿಸುತ್ತೇನೆ. ಆದರೂ ಮತ್ತೆ ಜನ ಸೇರಿತು. 1790ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಅವರೇ ಆ ಸಭೆಗೆ ಪತ್ರ ಬರೆದರು.

ಊರಿನಲ್ಲಿ ಬ್ನೈ ಬ್ರಿತ್ ಜೇಕಬ್, ಅಗುದಾತ್ ಅಖಿಮ್ ಎಂಬ ಸಿನಗಾಗುಗಳೂ ಇವೆ. ಮೂರಕ್ಕೂ ಹೋಗಿ ಬಾ. ಒಂದಕ್ಕೆ ಸದಸ್ಯಳಾದರೂ ಉಳಿದೆರಡರ ಮದುವೆ, ಸಾವುಗಳಿಗೆ ತಪ್ಪಿಸಬೇಡ. ಚಿಕ್ಕ ಊರಿನಲ್ಲಿ ಪಂಥ ಹಿಡಿದು ದೂರ ಕೂರುವಷ್ಟು ಜನ ಇರುವುದಿಲ್ಲ. ಶನಿವಾರದ ಕಿದ್ದೂಷ್ ಊಟದಲ್ಲಿ ಒಂಟಿಯಾಗಿ ತಟ್ಟೆ ಹಿಡಿದು ನಿಲ್ಲುವ ಬದಲು ಮೇಜು ಒರೆಸಲು ಹೋಗು. ಯಾರ ಮನೆಯಲ್ಲಾದರೂ ಸಾವಾದರೆ ಕರೆಯಲಿ ಎಂದು ಕಾಯಬೇಡ, ಬೇಯಿಸಿದ ಮೊಟ್ಟೆ, ಬೇಳೆ ಯಾರು ಒಯ್ಯುತ್ತಿದ್ದಾರೆಂದು ಕೇಳಿ ಅವರ ಜೊತೆ ಹೋಗು. ಒಂದು ಎಚ್ಚರಿಕೆ: ಸಿನಗಾಗಿನ ಅಡುಗೆಮನೆಗೆ ಮನೆಯಲ್ಲಿ ಮಾಡಿದ ತಿನಿಸನ್ನು ಕೇಳದೆ ಒಯ್ಯಬೇಡ. ಕೋಷರ್ ಎಂಬ ನಮ್ಮ ಆಹಾರ ನಿಯಮದ ಕಾರಣ ಬೇಡವೆನ್ನುತ್ತಾರೆ, ಅದನ್ನು ನಿನಗಾದ ಅವಮಾನವೆಂದು ತಿಳಿಯಬೇಡ. ಅವರ ಅಡುಗೆಮನೆಯಲ್ಲೇ, ಅವರ ಪಾತ್ರೆಯಲ್ಲೇ ಮಾಡುತ್ತೇನೆ ಎಂದು ಹೇಳು.

ಏನು ಮಾಡುವುದೆಂದರೆ, ಮಲಿದಾ. ಇನ್ನೇನು ತು ಬಿಶ್ವಾತ್ ಬಂದೇಬಿಟ್ಟಿತು. ಮರಗಳ ಹೊಸವರ್ಷಕ್ಕೆ ಅವರು ಹಣ್ಣು ತಿನ್ನುತ್ತಾರೆ, ನಾವು ಮಲಿದಾ ಇಟ್ಟು ಪ್ರವಾದಿ ಎಲೀಯನನ್ನು, ನಮ್ಮ ಎಲಿಯಾಹು ಹನ್ನಾವಿಯನ್ನು, ನೆನೆಯುತ್ತೇವೆ. ಹಾಲೂ ಇಲ್ಲ, ಮಾಂಸವೂ ಇಲ್ಲ, ಯಾರಿಗೂ ತೊಡಕಿಲ್ಲ. ಗಟ್ಟಿ ಅವಲಕ್ಕಿಯನ್ನು ತೊಳೆದು ಹತ್ತು ನಿಮಿಷ ಬಸಿಯಲು ಬಿಡು, ನೆನೆಹಾಕಿದರೆ ಮುದ್ದೆಯಾಗುತ್ತದೆ. ನಾಲ್ಕು ಲೋಟ ಅವಲಕ್ಕಿಗೆ ಒಂದು ಕಾಯಿಯ ತುರಿ, ಒಂದು ಲೋಟ ಬೆಲ್ಲದ ಪುಡಿ, ಏಲಕ್ಕಿ. ತಟ್ಟೆಯ ಸುತ್ತ ಐದು ಬಗೆಯ ಹಣ್ಣು, ಖರ್ಜೂರ ಇರಲೇಬೇಕು. ಹಾಡನ್ನು ನೀನೇ ಹೇಳು. ನಿನ್ನ ಮರಾಠಿ ಸಾಲುಗಳು ಅವರಿಗೆ ತಿಳಿಯಲಿಕ್ಕಿಲ್ಲ, ಎಲಿಯಾಹುವಿನ ಹೆಸರು ಬಂದಾಗ ದನಿಗೂಡಿಸುತ್ತಾರೆ.

ಅಜ್ಜನ ವರ್ಷದ ದಿನ ಈ ಸಲ ಶುಕ್ರವಾರ ಸಂಜೆ ಶುರುವಾಗುತ್ತದೆ. ಅವರ ಹೀಬ್ರೂ ಹೆಸರು, ಅವರ ತಂದೆಯ ಹೆಸರು ಎರಡನ್ನೂ ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ರಬ್ಬಿಯವರಿಗೆ ಮುಂಚೆಯೇ ಕೊಡು, ಉಚ್ಚಾರ ಒಮ್ಮೆ ಹೇಳಿ ತೋರಿಸು. ನೀನು ಕದ್ದೀಶಿಗೆ ನಿಲ್ಲುವ ಸಂಜೆ ಆರಕ್ಕೆ ಇಲ್ಲಿ ಶನಿವಾರ ಬೆಳಗಿನ ನಾಲ್ಕೂವರೆ. ನಾನು ಎದ್ದಿರುತ್ತೇನೆ.

ಇಂತಿ ನಿನ್ನ
ಅಮ್ಮ