ಬಚ್ಚಲಿನ ಸ್ವಿಚ್ಚು ಮತ್ತು ಇನ್ನಿತರ ಋಣಗಳು

ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪಿನ ನನ್ನ 18 ಪಿನ್‌ಹೋಲ್ ಚಿತ್ರಗಳು (ಲೆನ್ಸ್ ಇಲ್ಲದೆ, ಸೂಜಿಮೊನೆಯಷ್ಟು ತೂತಿನಿಂದ ತೆಗೆದ ಫೋಟೊಗಳು) ಮೊನ್ನೆ ಗೋಡೆಯಿಂದಿಳಿದು ಮತ್ತೆ ಮಂಚದಡಿ ಸೇರಿದವು. 14 ತಿಂಗಳ ಕೆಲಸ, ಎರಡೇ ದಿನದ ಪ್ರದರ್ಶನ. ನೋಡಲು ಬಂದವರಿಗೆಲ್ಲ ವಂದನೆಗಳು. ಇನ್ನೂ ಕೆಲವರ ಋಣ ಉಳಿದಿದೆ.

ಮೊದಲು ಅಮ್ಮ. ನಮ್ಮ ಬಚ್ಚಲೇ ನನ್ನ ಡಾರ್ಕ್‌ರೂಮ್, ಅಂದರೆ ಫೋಟೊ ತೊಳೆಯುವ ಕತ್ತಲೆಕೋಣೆ; ಅದರ ಸ್ವಿಚ್ಚು ಬಾಗಿಲ ಹೊರಗಿದೆ. ಒಂದು ಸಂಜೆ ಕಾಗದದ ನೆಗೆಟಿವ್ (ಕಪ್ಪು-ಬಿಳಿ ಅದಲುಬದಲಾದ ಚಿತ್ರ) ಡೆವಲಪರ್ ಎಂಬ ದ್ರಾವಣದಲ್ಲಿ ಅರ್ಧ ಮೂಡಿದ್ದಾಗ ಅಮ್ಮ ದೀಪ ಹಾಕಿಬಿಟ್ಟರು. ಕಿರುಚಿದೆ, ದೀಪ ಆರಿತು. ಹೇಗೂ ಕೆಟ್ಟಿತೆಂದು ಕಾಗದವನ್ನು ತಟ್ಟೆಯಲ್ಲೇ ಬಿಟ್ಟೆ. ಬೆಳ್ಳಗಿದ್ದ ಕಾಂಡ ಬೂದುಬಣ್ಣಕ್ಕೆ ತಿರುಗಿತು. ಕಾಂಡ ಆಕಾಶವನ್ನು ತಾಗುವ ಅಂಚು ಮಾತ್ರ ಬಿಳಿ ಗೆರೆಯಾಗಿ ಉಳಿಯಿತು. ಪ್ರಿಂಟಿನಲ್ಲಿ ಅದೇ ಗೆರೆ ಕಪ್ಪಾಗಿ, ಹುಣಸೆಮರಕ್ಕೆ ಕಾಡಿಗೆ ತೀಡಿದಂತಿತ್ತು. ಇದು 19ನೇ ಶತಮಾನದಿಂದಲೇ ತಿಳಿದಿರುವ ಸಬಾಟಿಯೇ ಪರಿಣಾಮ ಎಂದು ಆಮೇಲೆ ಓದಿಕೊಂಡೆ. ಬೇಕೆಂದೇ ಮಾಡಿದ 11 ಪ್ರಯತ್ನಗಳು ಬರೀ ಮಸಿಯಾದವು. ಕೊನೆಗೆ ಅಮ್ಮನನ್ನೇ ಸ್ವಿಚ್ಚಿನ ಬಳಿ ನಿಲ್ಲಿಸಿ ಒಳಗಿನಿಂದ "ಈಗ" ಎಂದು ಕೂಗುವುದನ್ನು ರೂಢಿ ಮಾಡಿಕೊಂಡೆ. ಸಾರು ಉಕ್ಕಿದ ದಿನಗಳಲ್ಲಿ ಚಿತ್ರವೂ ಹಾಳು.

ಸ್ಟುಡಿಯೊ ಮುಚ್ಚಿದ ಹಿರಿಯರೊಬ್ಬರು ಕೆಂಪು ಬಲ್ಬು, ತಟ್ಟೆಗಳು, ಅವಧಿ ಮೀರಿದ ಫೋಟೊ ಕಾಗದ ಎಲ್ಲವನ್ನೂ ಬಿಟ್ಟಿ ಕೊಟ್ಟರು. ಹಳೆಯ ಕಾಗದ ಮಂಕಾದರೆ ಡೆವಲಪರಿಗೆ ಚಿಟಿಕೆ ಪೊಟ್ಯಾಸಿಯಂ ಬ್ರೋಮೈಡ್ ಹಾಕಲು, ಏಪ್ರಿಲ್ ಸೆಕೆಯಲ್ಲಿ 20 ಡಿಗ್ರಿ ಕಾಯ್ದುಕೊಳ್ಳಲು ತಟ್ಟೆಯ ಸುತ್ತ ಐಸ್ ಇಡಲು ಕಲಿಸಿದವರು ಅವರೇ. ಚಿತ್ರ ಮಾಸದಂತೆ ಉಳಿಸುವ ಹೈಪೊ ದ್ರಾವಣದ ವಾಸನೆ ಸಹಿಸಿದ ಪಕ್ಕದ ಮನೆಯವರಿಗೂ ನಮಸ್ಕಾರ.

ಇನ್ನು ತೋಪು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದ ಜಾಗವದು. ನನ್ನ ಕ್ಯಾಮೆರಾ ಎಂದರೆ ಹಾಲಿನ ಪುಡಿಯ ಡಬ್ಬಿ; ಅದರಲ್ಲಿ 0.4 ಮಿಲಿಮೀಟರಿನ ಮೂರು ತೂತು. ಹಾಗಾಗಿ ಒಂದೇ ಮರ ಮೂರಾಗಿ ಒಂದರ ಮೇಲೊಂದು ಬೀಳುತ್ತದೆ. ನೆರಳಿನಲ್ಲಿ ಎಂಟು ನಿಮಿಷ ತೆರೆದಿಟ್ಟರೆ ಎಲೆಗಳೆಲ್ಲ ಹೊಗೆ, ಕಾಂಡವಷ್ಟೇ ಗಟ್ಟಿ. ಆ ಎಂಟು ನಿಮಿಷ ಡಬ್ಬಿಯ ಬಳಿ ಮೇಕೆಗಳು ಸುಳಿಯದಂತೆ ತಡೆದವರು, ಗಾಳಿಗೆ ಅಲ್ಲಾಡದಂತೆ ಅದರ ಮೇಲೆ ಕಲ್ಲಿಡಲು ಹೇಳಿದವರು ಅಲ್ಲಿ ಮೇಕೆ ಮೇಯಿಸುವ ಒಬ್ಬರು.

ಪ್ರದರ್ಶನದ ಎರಡನೆಯ ಮಧ್ಯಾಹ್ನ ಅವರು ಬಂದರು. ಮರವೋ ಮೋಡವೋ ಎಂದು ಉಳಿದವರು ಚರ್ಚಿಸುತ್ತಿದ್ದ ಏಳನೆಯ ಚಿತ್ರದ ಮುಂದೆ ನಿಂತು, "ಈ ಮರದ ಪೊಟರೆ ಬಲಕ್ಕಲ್ಲವೇ ಇರುವುದು?" ಎಂದರು. ಮನೆಗೆ ಬಂದು ಹುಡುಕಿದೆ. ನೆಗೆಟಿವ್ ಅನ್ನು ಮಗುಚಿಟ್ಟು ಪ್ರಿಂಟ್ ಮಾಡಿದ್ದೆ.