ಹೊಲಿಗೆ ಮೆಷಿನ್ ನಿಲ್ಲಿಸಿದ ಪಕ್ಕದ ಮನೆಯ ಅಮ್ಮನಿಗೆ

ನಗರದ ಬಡ ಕುಟುಂಬಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. ಮೊನ್ನೆ ಒಂದೇ ಕೋಣೆಯ ಮನೆಯಲ್ಲಿ ಶೂಟಿಂಗ್. ಐದು ಸಲ ಕ್ಯಾಮೆರಾ ಇಲ್ಲದೆ ಸುಮ್ನೆ ಹೋಗಿ ಕೂತು ಬಂದ ಮೇಲೆ, ಆ ಮನೆಯ ತಾಯಿ ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡತೊಡಗಿದ್ದರು. ಅಷ್ಟರಲ್ಲಿ ಪಕ್ಕದ ಮನೆಯಿಂದ ಹೊಲಿಗೆ ಮೆಷಿನ್ ಸದ್ದು. ನಡುವೆ ಇರುವುದು ಬರೀ ತಗಡಿನ ಗೋಡೆ, ಕಾಲರ್ ಮೈಕಿನಲ್ಲಿ ಮಾತಿಗಿಂತ ಅದೇ ಜಾಸ್ತಿ ಕೇಳುತ್ತಿತ್ತು. ನಿಲ್ಲಿಸಿ ಅನ್ನಲು ಬಾಯಿ ಬರಲಿಲ್ಲ. ಪೀಸ್ ಲೆಕ್ಕದ ಕೆಲಸ, ಮೆಷಿನ್ ನಿಂತರೆ ಆ ಹೊತ್ತಿನ ದುಡಿಮೆ ಹೋಯಿತು ಅಂತಲೇ ಅಲ್ವಾ?

ಹೊಲಿಯುತ್ತಿದ್ದ ಪಕ್ಕದ ಮನೆಯ ಅಮ್ಮನೇ ಬಾಗಿಲಲ್ಲಿ ಇಣುಕಿದರು. ನನ್ನ ಹೆಡ್‌ಫೋನ್ ನೋಡಿದರು, ಏನೂ ಕೇಳದೆ ಹೋದರು. ಸದ್ದು ನಿಂತಿತು. ಆಮೇಲೆ ಬಂದು, ಅಳುತ್ತಿದ್ದ ಮಗುವನ್ನು ಎತ್ತಿಕೊಂಡು ಮುಕ್ಕಾಲು ಗಂಟೆ ಹೊರಗೆ ನಿಂತರು. ಕುತ್ತಿಗೆಯಲ್ಲಿದ್ದ ಅಳತೆ ಟೇಪನ್ನು ಮಗು ಬಾಯಿಗಿಟ್ಟುಕೊಂಡರೂ ಬಿಡಿಸಲಿಲ್ಲ, ಬಿಡಿಸಿದರೆ ಮತ್ತೆ ಅತ್ತೀತು ಅಂತ. ಕೊನೆಗೆ ಎಡಿಟಿಂಗ್‌ಗೆ ಬೇಕಾದ ಕೋಣೆಯ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡುವಾಗ ಉಸಿರನ್ನೂ ಬಿಗಿ ಹಿಡಿದಿದ್ದರು.

ರಾತ್ರಿ ಕೂತು ಕೇಳಿದೆ. ಆ ತಾಯಿಯ ಒಂದೊಂದು ಮಾತೂ ಸ್ಪಷ್ಟವಾಗಿತ್ತು. ನನಗೆ ಅಳುವೇ ಬಂತು. ಹೆಸರು ಕೇಳಿದ್ದಕ್ಕೆ ಎಲ್ಲೂ ಹಾಕಬೇಡಿ ಅಂದಿದ್ದಿರಿ, ಹಾಕಿಲ್ಲ. ತುಂಬಾ ಥ್ಯಾಂಕ್ಸ್ ಅಮ್ಮ.